ಸುರಪುರದ ಚಿತ್ರ ಯಾವ ಊರಿನದು?

ಯಾದಗಿರಿಯಿಂದ ಸುರಪುರಕ್ಕೆ ಹೊರಟ ಬಸ್ಸು ಭೀಮಾನದಿಯನ್ನು ದಾಟಿ ಶಹಾಪುರವನ್ನು ಸಮೀಪಿಸುವಾಗ, ಪಕ್ಕದಲ್ಲಿ ಹೊಸಬರು ಯಾರಾದರೂ ಕುಳಿತಿದ್ದರೆ ನಮ್ಮ ಸೀಮೆಯವರು ಕಿಟಕಿಯಾಚೆ ಕೈಮಾಡಿ ಬೆಟ್ಟವನ್ನು ತೋರಿಸದೆ ಬಿಡುವುದಿಲ್ಲ. ಒಂದಕ್ಕೊಂದು ಹತ್ತಿಕೊಂಡಿರುವ ಗುಡ್ಡಗಳು ಅಲ್ಲಿ ಮಲಗಿದ ಬುದ್ಧನಂತೆ ಕಾಣುತ್ತವೆ. ಹಣೆ, ಮೂಗು, ತುಟಿ, ಎದೆ, ಎಲ್ಲವೂ ಶಿಲ್ಪಿಯೊಬ್ಬನು ಅಳೆದು ಕಡೆದಂತೆ ಇವೆ. ಆದರೆ ಬಸ್ಸು ಸ್ವಲ್ಪ ಮುಂದೆ ಹೋಯಿತೆಂದರೆ ಬುದ್ಧನು ಮಾಯವಾಗುತ್ತಾನೆ. ಉಳಿಯುವುದು ಬರಿಯ ಬಂಡೆ. ಬೆಟ್ಟ ಬದಲಾಗಲಿಲ್ಲ, ನೋಡುವವನ ಜಾಗ ಬದಲಾಯಿತು, ಅಷ್ಟೆ.

ಸುರಪುರದಲ್ಲಿ ಹುಟ್ಟಿ ಬೆಳೆದು, ಯಾದಗಿರಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಈ ದಾರಿಯನ್ನು ಎಷ್ಟು ಸಲ ಸವೆಸಿದ್ದೇನೆಂಬ ಲೆಕ್ಕವಿಲ್ಲ. ಪ್ರತಿ ಸಲವೂ ಈ ಬೆಟ್ಟವನ್ನು ಕಂಡಾಗ ನನಗೆ ನೆನಪಾಗುವುದು ಬುದ್ಧನಲ್ಲ. ನಮ್ಮ ಮನೆಯ ಒಂದು ಚಿತ್ರ. ಅದನ್ನು ಈಗ ‘ನಮ್ಮ ಮನೆಯ ಚಿತ್ರ’ ಎನ್ನುವ ಹಕ್ಕು ನನಗೆ ಉಳಿದಿಲ್ಲ. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ಇತಿಹಾಸಕ್ಕೆ ಬರುತ್ತೇನೆ.

ದೇವರ ಜಗಲಿಯ ಮೇಲೆ, ಗೋಡೆಗೆ ಒರಗಿಸಿದ ಹಾಗೆ, ಒಂದು ಮೊಳ ಎತ್ತರದ ಹಲಗೆಯ ಮೇಲೆ ವೇಣುಗೋಪಾಲನ ಚಿತ್ರವಿದ್ದಿತು. ಕೃಷ್ಣನ ಕಿರೀಟಕ್ಕೂ ಕೊರಳ ಸರಗಳಿಗೂ ಚಿನ್ನದ ರೇಕು. ಎಡಬದಿಗೆ ಎರಡು ಆಕಳು. ಅವುಗಳ ಕಣ್ಣಿನ ರೆಪ್ಪೆಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಎಣ್ಣೆಯ ಹೊಗೆಯಿಂದ ಮೇಲುಭಾಗ ಕಪ್ಪಾಗಿತ್ತು. ಕೆಳಗಿನ ಒಂದು ಮೂಲೆ ಕಿತ್ತು ಹೋಗಿದ್ದುದರಿಂದ ಚಿತ್ರದ ಒಡಲೊಳಗಿನ ಪದರಗಳು ಕಾಣುತ್ತಿದ್ದವು. ಅಡಿಗೆ ಕಟ್ಟಿಗೆ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸುಣ್ಣದಂಥ ಬಿಳಿಯ ಲೇಪ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಚಿನ್ನ. ಹುಡುಗನಾಗಿದ್ದಾಗ ಆ ಮೂಲೆಯನ್ನು ಉಗುರಿನಿಂದ ಕೆರೆದು ಆಯಿಯ ಕೈಯಲ್ಲಿ ಏಟು ತಿಂದದ್ದುಂಟು. ತಂದೆಯ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು.

1999ರ ಮಳೆಗಾಲ. ನಾನು ಬಿ.ಎ. ಓದುತ್ತಿದ್ದೆ. ಮಾಳಿಗೆ ಸೋರುತ್ತಿತ್ತು, ರಿಪೇರಿಗೆ ಹಣವಿರಲಿಲ್ಲ. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬನು ಊರಿಗೆ ಬಂದಿದ್ದವನು ನಮ್ಮ ಮನೆಗೂ ಬಂದ. ಚಿತ್ರವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆನ್ನನ್ನು ಬೆರಳಿನಿಂದ ತಟ್ಟಿ, “ಇದು ತಂಜಾವೂರಿಂದು ಅಲ್ಲೇನ್ರೀ?” ಎಂದು ಕೇಳಿದ. ಚಿನ್ನದ ರೇಕಿನ ಚಿತ್ರವೆಂದರೆ ತಂಜಾವೂರು ಎಂದು ನಾನು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಓದಿದವನೆಂಬ ಬಿಂಕದಿಂದ “ಹೌದು” ಎಂದೆ.

ಒಳಗಿನಿಂದ ಆಯಿ ಅಂದಳು: “ತಂಜಾವೂರು ಯಾವದಪಾ? ಅದು ನಮ್ಮ ಗರುಡಾದ್ರಿಯವರ ಕೈಯಾಗಿಂದು. ನಮ್ಮೂರಾಗ ಬರದದ್ದು.”

“ಆಯೀ, ನಿನಗ ಗೊತ್ತಿಲ್ಲ, ಸುಮ್ಮನಿರು” ಎಂದೆ.

ಒಂಬೈನೂರು ರೂಪಾಯಿಗೆ ವ್ಯಾಪಾರ ಕುದುರಿತು. ವ್ಯಾಪಾರಿ ಒಂದು ಚೀಟಿ ಬರೆದುಕೊಡಬೇಕೆಂದ. ನಾನೇ ಬರೆದೆ: “ತಂಜಾವೂರು ಶೈಲಿಯ ಕೃಷ್ಣನ ಚಿತ್ರ ಒಂದು.” ಕೆಳಗೆ ನನ್ನ ಸಹಿ. ಆಯಿ ಆ ದಿನ ಮಾತಾಡಲಿಲ್ಲ. ಮಾಳಿಗೆ ದುರಸ್ತಿಯಾಯಿತು.

ಆಯಿ ಹೇಳಿದ ಮಾತಿನಲ್ಲಿ ಎಷ್ಟು ಇತಿಹಾಸವಿತ್ತೆಂಬುದು ನನಗೆ ತಿಳಿದುಬಂದದ್ದು ಎಷ್ಟೋ ವರ್ಷಗಳ ನಂತರ. ವಾಚಕರಲ್ಲಿ ಅನೇಕರಿಗೆ ಸುರಪುರವೆಂದರೆ ಎರಡೇ ಸಂಗತಿಗಳು ನೆನಪಾಗುತ್ತವೆ. ಒಂದು, 1857-58ರ ಬಂಡಾಯದ ದೊರೆ ರಾಜಾ ವೆಂಕಟಪ್ಪನಾಯಕ. ಇನ್ನೊಂದು, ಕೃಷ್ಣಾಷ್ಟಮಿಯ ವೇಳೆಗೆ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ನಡೆಯುವ ಹಾಲೋಕುಳಿ ಮತ್ತು ಕಂಬ ಹತ್ತುವ ಸಾಹಸ. ಮೂರನೆಯ ಸಂಗತಿಯೊಂದಿದೆ; ಅದು ಸುರಪುರದ ಚಿತ್ರಕಲೆ.

ಸುರಪುರದ ನಾಯಕರು ಬೇಡರು. ಅವರ ಹಿಂದಿನ ನೆಲೆಯಾದ ವಾಗಿಣಗೇರಿಯನ್ನು ಹಿಡಿಯಲು 1705ರಲ್ಲಿ ಔರಂಗಜೇಬನು, ಎಂಬತ್ತೈದು ದಾಟಿದ ಮುಪ್ಪಿನಲ್ಲಿ, ತಾನೇ ದಂಡು ಕಟ್ಟಿಕೊಂಡು ಬಂದ. ಅದೇ ಅವನ ಕೊನೆಯ ಮುತ್ತಿಗೆ. ಕೋಟೆ ಕೈಗೆ ಬಂದಿತು. ಆದರೆ ಒಳಗಿದ್ದ ಬೇಡರು ಅದಕ್ಕೆ ಬೆಂಕಿಯಿಟ್ಟು ರಾತ್ರಿಯಲ್ಲಿ ಕಣ್ಮರೆಯಾಗಿದ್ದರು. ಎರಡು ವರ್ಷಗಳಲ್ಲಿ ಬಾದಶಹನು ಅಹಮದ್‌ನಗರದಲ್ಲಿ ತೀರಿಕೊಂಡ. ನಾಯಕರು ಉಳಿದರು, ಸುರಪುರದ ಗುಡ್ಡಗಳ ನಡುವೆ ತಮ್ಮ ರಾಜಧಾನಿಯನ್ನು ಬೆಳೆಸಿದರು.

ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಊರಿನ ವಿಶೇಷ ಹೊಳೆಯುತ್ತದೆ. ಪಡುವಣ ದಿಕ್ಕಿಗೆ ಬಿಜಾಪುರ, ಮೂಡಣಕ್ಕೆ ಗೋಲ್ಕೊಂಡ, ತೆಂಕಣಕ್ಕೆ ಕೃಷ್ಣೆ ತುಂಗಭದ್ರೆಗಳನ್ನು ದಾಟಿದರೆ ವಿಜಯನಗರದ ಹಾಳು. 1565ರ ತರುವಾಯ ವಿಜಯನಗರದ ಕಲಾವಿದರು ಚದುರಿದರು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಬಿದ್ದಾಗ ಅಲ್ಲಿನವರೂ ಆಶ್ರಯವನ್ನು ಅರಸಬೇಕಾಯಿತು. ಕುಂಚ ಹಿಡಿದವನಿಗೆ ಅನ್ನ ಕೊಡುವ ಮನೆ ಬೇಕು. ಶ್ರೀರಂಗಪಟ್ಟಣದಲ್ಲಿ ಒಡೆಯರು, ತಂಜಾವೂರಿನಲ್ಲಿ ಮೊದಲು ನಾಯಕರು ಮತ್ತೆ ಮರಾಠರು ಅಂಥ ಮನೆಯಾದರು. ನಮ್ಮ ಸೀಮೆಯಲ್ಲಿ ಸುರಪುರದ ನಾಯಕರು ಆದರು. ಅವರ ಆಶ್ರಯದಲ್ಲಿ ಬಾಳಿದ ಚಿತ್ರಗಾರರಲ್ಲಿ ಗರುಡಾದ್ರಿ ಮನೆತನದವರ ಹೆಸರೇ ದೊಡ್ಡದು.

ಆದುದರಿಂದಲೇ ಸುರಪುರದ ಚಿತ್ರ ಒಂದೇ ನೀರಿನಿಂದ ಬೆಳೆದ ಗಿಡವಲ್ಲ. ವಿಜಯನಗರದ ರೇಖೆ, ದಖ್ಖನಿನ ಸುಲ್ತಾನರ ಆಸ್ಥಾನಗಳಲ್ಲಿ ಪಳಗಿದ ಕಿರುಚಿತ್ರದ ಸೂಕ್ಷ್ಮ, ಉತ್ತರದಿಂದ ಮೊಗಲರ ದಂಡಿನ ಹಿಂದೆ ಬಂದ ದರ್ಬಾರಿ ಠೀವಿ, ಇವೆಲ್ಲ ಅಲ್ಲಿ ಕೂಡಿವೆ. ವಿಷಯಗಳೂ ಹಾಗೆಯೇ: ದೇವರು, ದೊರೆ, ದರ್ಬಾರು. ತಂಜಾವೂರಿನ ಚಿತ್ರದಲ್ಲಿ ಲೇಪವನ್ನು ದಪ್ಪವಾಗಿ ಎಬ್ಬಿಸಿ, ಅದರ ಮೇಲೆ ಚಿನ್ನ ಹೊದಿಸಿ, ಗಾಜಿನ ಹರಳು ಕೂಡಿಸುತ್ತಾರೆ. ದೂರದಿಂದಲೇ ಅದು ನಮ್ಮನ್ನು ಕರೆಯುತ್ತದೆ. ಮೈಸೂರಿನದರಲ್ಲಿ ಲೇಪ ತೆಳು. ಸಫೇದ, ರೇವಲಚಿನ್ನಿಯ ಹಾಲು, ಅಂಟು ಬೆರೆಸಿದ ಆ ಲೇಪದ ಮೇಲೆ ಚಿನ್ನ ಮೆಲ್ಲನೆ ಕೂಡುತ್ತದೆ. ನಮ್ಮ ಮನೆಯ ಚಿತ್ರದಲ್ಲಿ ಚಿನ್ನ ಇದ್ದಿತು, ಆದರೆ ಮೆರೆಯುತ್ತಿರಲಿಲ್ಲ. ಅದನ್ನು ನೋಡಬೇಕಾದರೆ ಹತ್ತಿರ ಹೋಗಬೇಕಾಗಿತ್ತು. ಹತ್ತಿರ ಹೋದರೆ ಆಕಳ ರೆಪ್ಪೆ ಕಾಣುತ್ತಿತ್ತು. ದೇವರ ಚಿತ್ರವನ್ನು ಬರೆದ ಕೈ ದರ್ಬಾರಿನ ಕಿರುಚಿತ್ರದಲ್ಲಿ ಪಳಗಿದ ಕೈಯೆಂದು ಈಗ ನನಗೆ ಅನಿಸುತ್ತದೆ. ಆದರೆ ಇದನ್ನು ನೆನಪಿನಿಂದ ಹೇಳಬೇಕಾಗಿದೆ. ಚಿತ್ರ ನನ್ನ ಬಳಿ ಇಲ್ಲ.

ಕಟ್ಟಿಗೆ, ಬಟ್ಟೆ, ಅಂಟು, ಬಣ್ಣ, ಲೋಹ ಇವನ್ನೆಲ್ಲ ಒಂದರಲ್ಲಿ ಸೇರಿಸುವ ಕೆಲಸಕ್ಕೆ ಇಂದಿನ ಕಲಾಶಾಲೆಗಳಲ್ಲಿ ‘ಮಿಶ್ರಮಾಧ್ಯಮ’ ಎಂಬ ಹೊಸ ಹೆಸರಿದೆ. ನಮ್ಮ ಚಿತ್ರಗಾರರಿಗೆ ಅದು ಹೊಸತಲ್ಲ. ಕೊಪ್ಪಳದ ಕಿನ್ನಾಳಕ್ಕೆ ಹೋದರೆ ಇಂದಿಗೂ ಚಿತ್ರಗಾರರು ಹಗುರ ಕಟ್ಟಿಗೆಯ ಮೈಗೆ ಹುಣಸೆಬೀಜದ ಅಂಟನ್ನೂ ಕಟ್ಟಿಗೆಯ ಹೊಟ್ಟನ್ನೂ ಬಳಿದು ಗೊಂಬೆ ಮಾಡುವುದನ್ನು ಕಾಣಬಹುದು. ಬೆರೆಕೆ ಎಂಬುದು ನಮ್ಮ ಕಡೆ ಬೈಗುಳವಾಗುವ ಮೊದಲು ಒಂದು ಕಸುಬಾಗಿತ್ತು.

ಬೆರೆಕೆ ಚಿತ್ರದಲ್ಲಿ ಮಾತ್ರವಲ್ಲ, ದೊರೆಗಳ ಹೆಸರಿನಲ್ಲಿಯೂ ಇದ್ದಿತು. ಸುರಪುರದ ನಾಯಕರ ಬಿರುದು ‘ಬಲವಂತ ಬಹರಿ ಬಹಾದ್ದೂರ್’. ಹಿಂದೆ ಕನ್ನಡದ ಹೆಸರು, ನಡುವೆ ಸಂಸ್ಕೃತದ ಶಬ್ದ, ಕೊನೆಗೆ ಪಾರಸಿಯ ಠೇಂಕಾರ. ಮನೆದೇವರಾದರೋ ವೇಣುಗೋಪಾಲ. ಯಾರ ಮುಂದೆ ಯಾವ ಭಾಷೆಯಲ್ಲಿ ನಿಲ್ಲಬೇಕೆಂಬುದು ಅವರಿಗೆ ಗೊತ್ತಿತ್ತು. ಹಾಗೆ ನಿಂತು ತಾವು ಬೇಡರೆಂಬುದನ್ನು ಮರೆಯಲಿಲ್ಲ.

ಈ ಬೆರೆಕೆಯ ಬಾಳು ದುರಂತವಾದದ್ದು ಕೊನೆಯ ದೊರೆಯಲ್ಲಿ. ರಾಜಾ ವೆಂಕಟಪ್ಪನಾಯಕನು ಇನ್ನೂ ಬಾಲಕನಾಗಿದ್ದಾಗ ತಂದೆ ತೀರಿಕೊಂಡ. ತಾಯಿ ಈಶ್ವರಮ್ಮ ಆಡಳಿತ ನೋಡಿಕೊಂಡಳು. 1840ರ ದಶಕದ ಆರಂಭದಲ್ಲಿ ಬಂದ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಗುಡ್ಡದ ಮೇಲೆ ಈಗಲೂ ನಿಂತಿದೆ. ಟೇಲರ್ ಕಾದಂಬರಿಕಾರನೆಂದು ಲೋಕಕ್ಕೆ ಗೊತ್ತು. ಅವನು ಚಿತ್ರ ಬರೆಯುವವನೂ ಆಗಿದ್ದನೆಂಬುದು ಎಲ್ಲರಿಗೂ ತಿಳಿಯದು. ಅವನು ಬರೆದ ದಖ್ಖನಿನ ಚಿತ್ರಗಳ ಸಂಪುಟವೊಂದು 1837ರಲ್ಲಿಯೇ ಅಚ್ಚಾಗಿದ್ದಿತು. ಬಾಲಕ ದೊರೆ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ.

ಪಿಡ್ಡನಾಯಕನ ವಂಶದ ಹುಡುಗ, ಇಂಗ್ಲಿಷರವನನ್ನು ಅಪ್ಪ ಎಂದವನು, 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದ. ಸುರಪುರ ಬಿದ್ದಿತು. ಹೈದರಾಬಾದಿನಲ್ಲಿ ಸಿಕ್ಕಿಬಿದ್ದ ದೊರೆಗೆ ಮೊದಲು ಮರಣದಂಡನೆ. ಕೊನೆಗೆ ಅದು ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಅದೇ ವರ್ಷದ ಮೇ ತಿಂಗಳಿನಲ್ಲಿ, ಅಂಬರ್‌ಪೇಟೆಯಲ್ಲಿ ಅವನು ಗುಂಡಿನಿಂದ ಸತ್ತ. ತಾನೇ ಹಾರಿಸಿಕೊಂಡನೆಂದು ಇಂಗ್ಲಿಷರ ಬರಹ. ನಮ್ಮೂರಿನಲ್ಲಿ ಅದನ್ನು ನಂಬದವರೂ ಇದ್ದಾರೆ. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಈ ಕಥೆಯನ್ನು ದೊರೆಯ ಕಥೆಯಾಗಿ ನಾವೆಲ್ಲ ಓದಿದ್ದೇವೆ. ಚಿತ್ರಗಾರನ ಕಡೆಯಿಂದ ಓದಿಲ್ಲ. ದರ್ಬಾರು ಮುಚ್ಚಿದ ದಿನ ಚಿತ್ರಗಾರನಿಗೆ ಏನಾಯಿತು? ಅವನ ಕೈಯನ್ನು ಯಾರೂ ಕಡಿಯಲಿಲ್ಲ. ಆದರೆ ಅವನ ಚಿತ್ರಕ್ಕೆ ಹೆಸರು ಕೊಟ್ಟಿದ್ದ ಊರು ರಾಜಧಾನಿಯಾಗಿ ಉಳಿಯಲಿಲ್ಲ. ಸುರಪುರ ತಾಲೂಕಾಯಿತು. ಗುಲಬರ್ಗಾ ಜಿಲ್ಲೆಯಲ್ಲಿ ಸೇರಿತು. 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂದಿತು. 2010ರಲ್ಲಿ ಯಾದಗಿರಿ ಜಿಲ್ಲೆಗೆ ಸೇರಿತು. ಮೈಸೂರಿಗೆ ಅರಮನೆ ಉಳಿಯಿತು. ಅರಮನೆಯ ಹೆಸರಿನ ಜೊತೆಗೆ ಚಿತ್ರದ ಹೆಸರೂ ಉಳಿದು, 2005ರಲ್ಲಿ ಮೈಸೂರಿನ ಸಾಂಪ್ರದಾಯಿಕ ಚಿತ್ರಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಇದನ್ನು ಅಸೂಯೆಯಿಂದ ಹೇಳುತ್ತಿಲ್ಲ. ಚಿತ್ರದ ಗುರುತು ಬಣ್ಣದಲ್ಲಿ ಎಷ್ಟಿದೆಯೋ, ಅದನ್ನು ಹೆಸರಿಟ್ಟು ಕರೆಯುವ ಬಾಯಿಯಲ್ಲಿಯೂ ಅಷ್ಟೇ ಇದೆ ಎಂಬುದನ್ನು ತೋರಿಸಲು ಹೇಳಿದೆ.

ಎರಡನೆಯ ಪೆಟ್ಟು ಅಚ್ಚಿನಿಂದ ಬಂದಿತು. 1894ರಲ್ಲಿ ರವಿವರ್ಮನ ಮುದ್ರಣಾಲಯ ಮುಂಬಯಿಯಲ್ಲಿ ಆರಂಭವಾದ ಮೇಲೆ ದೇವರ ಚಿತ್ರ ಕೆಲವೇ ಆಣೆಗಳಿಗೆ ಸಿಗತೊಡಗಿತು. ಮುಂದೆ ಕ್ಯಾಲೆಂಡರುಗಳ ಕಾಲ. ಆ ಕಾಲದ ದೊಡ್ಡ ಕಲಾವಿದರಲ್ಲಿ ಒಬ್ಬರು ನಮ್ಮ ಸೀಮೆಯವರೇ, 1916ರಲ್ಲಿ ಗುಲಬರ್ಗೆಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು. ಅವರ ಪುರಾಣ ಚಿತ್ರಗಳ ಅಚ್ಚುಗಳು ಭಾರತದ ಮನೆಮನೆಗೆ ಹೋದವು. ಪಂಡಿತರ ಹಿರಿಮೆ ಹಿರಿಮೆಯೇ. ಆದರೂ, ಒಂದು ಮನೆಯ ಜಗಲಿಗೆಂದು ಒಬ್ಬನು ತಿಂಗಳುಗಟ್ಟಲೆ ಕುಳಿತು ಬರೆಯುತ್ತಿದ್ದ ಚಿತ್ರಕ್ಕೆ ಇನ್ನು ಜಾಗವಿರಲಿಲ್ಲ.

ಇಲ್ಲಿ ದೂರದ ಒಂದು ದೇಶದ ಮಾತನ್ನು ತರುವುದಕ್ಕೆ ವಾಚಕರ ಅಪ್ಪಣೆ ಬೇಡುತ್ತೇನೆ. ಆಫ್ರಿಕದ ವಾಯವ್ಯ ತುದಿಯ ಮೊರಾಕ್ಕೊ 1912ರಿಂದ 1956ರವರೆಗೆ ಫ್ರೆಂಚರ ಕೈಯಲ್ಲಿತ್ತು. ಮರ್ರಾಕೆಶ್ ಊರಿನಲ್ಲಿ 1934ರಲ್ಲಿ ಹುಟ್ಟಿದ ಫರೀದ್ ಬೆಲ್ಕಾಹಿಯಾ ಎಂಬವನು ಪ್ಯಾರಿಸಿನಲ್ಲಿ ಕಲಿತು, 1962ರಿಂದ 1974ರವರೆಗೆ ಕಾಸಾಬ್ಲಾಂಕಾದ ಕಲಾಶಾಲೆಯ ಮುಖ್ಯಸ್ಥನಾಗಿದ್ದ. ಪ್ಯಾರಿಸಿನಿಂದ ತಂದ ತೈಲವರ್ಣವನ್ನೂ ಕ್ಯಾನ್ವಾಸನ್ನೂ ಅವನು ಪಕ್ಕಕ್ಕಿಟ್ಟ. ತನ್ನೂರಿನ ಕುಶಲಕರ್ಮಿಗಳ ತಾಮ್ರದ ತಗಡನ್ನು ಬಡಿದ. ಆಮೇಲೆ ಹದಮಾಡಿದ ಚರ್ಮವನ್ನು ಕಟ್ಟಿಗೆಗೆ ಬಿಗಿದು, ಅದರ ಮೇಲೆ ಗೋರಂಟಿಯಿಂದಲೂ ಕೇಸರಿಯಿಂದಲೂ ಬರೆದ. ನಮ್ಮ ಹೆಣ್ಣುಮಕ್ಕಳು ಹಬ್ಬಕ್ಕೆ ಕೈಗೆ ಹಚ್ಚಿಕೊಳ್ಳುವ ಅದೇ ಗೋರಂಟಿ. 1969ರಲ್ಲಿ ಅವನೂ ಅವನ ಗೆಳೆಯರೂ ತಮ್ಮ ಚಿತ್ರಗಳನ್ನು ಮರ್ರಾಕೆಶ್‌ನ ಸಂತೆ ಬಯಲಾದ ಜೆಮಾ ಎಲ್ ಫ್ನಾದಲ್ಲಿ, ಹಾವಾಡಿಗರು ಕಥೆಗಾರರ ನಡುವೆ, ತೂಗುಹಾಕಿದರು. ಬೆಲ್ಕಾಹಿಯಾ 2014ರಲ್ಲಿ ತೀರಿಕೊಂಡ.

ಅವನ ಚಿತ್ರಗಳ ಮುದ್ರಿತ ಪ್ರತಿಗಳನ್ನು ಮೊದಲ ಸಲ ನೋಡಿದಾಗ ನನಗೆ ಬೆರಗಾಯಿತು, ಆಮೇಲೆ ನಾಚಿಕೆಯಾಯಿತು. ಪರರ ಆಳ್ವಿಕೆಯಲ್ಲಿ ‘ನಾನು ಯಾರು’ ಎಂಬ ಪ್ರಶ್ನೆ ಎದ್ದಾಗ ಅವನು ಉತ್ತರವನ್ನು ಹುಡುಕಿದ್ದು ಸಿದ್ಧಾಂತದಲ್ಲಿ ಅಲ್ಲ. ಊರಿನ ಚರ್ಮ, ತಾಮ್ರ, ಗೋರಂಟಿಗಳಲ್ಲಿ. ಅವನು ಹುಡುಕಿಕೊಂಡು ಹೋದ ಆ ಬೆರೆಕೆಯ ಕಸುಬು ನಮ್ಮ ಜಗಲಿಯ ಮೇಲೆ ಇದ್ದಿತು. ನಾನು ಅದನ್ನು ಒಂಬೈನೂರು ರೂಪಾಯಿಗೆ ಮಾರಿದೆ. ಮಾರಿದ್ದು ಬಡತನ, ಅದಕ್ಕೆ ಕ್ಷಮೆಯುಂಟು. ಬೇರೆ ಊರಿನ ಹೆಸರು ಬರೆದುಕೊಟ್ಟದ್ದು ಬಡತನವಲ್ಲ.

ನಾವು ಕನ್ನಡಿಗರು ಹೆಸರಿಗಾಗಿ ಜಗಳವಾಡದ ಜನವೇನೂ ಅಲ್ಲ. ‘ಜೈಮಿನಿ ಭಾರತ’ದ ಲಕ್ಷ್ಮೀಶನು ಹೇಳುವ ದೇವಪುರ ಯಾವುದು? ಕಡೂರು ಸೀಮೆಯ ದೇವನೂರು ಎಂದು ಹಲವು ವಿದ್ವಾಂಸರು. ಸುರರೆಂದರೆ ದೇವರೇ ಅಲ್ಲವೆ, ದೇವಪುರವೆಂದರೆ ನಮ್ಮ ಸುರಪುರವೇ ಎಂದು ನಮ್ಮ ಕಡೆಯವರು. ಈ ವಾದವನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಒಂದು ಗಂಟೆ ಹೇಳುತ್ತೇನೆ. ಕಪಟರಾಳ ಕೃಷ್ಣರಾಯರಂಥವರು ಸುರಪುರ ಸಂಸ್ಥಾನದ ಇತಿಹಾಸವನ್ನು ಶ್ರಮಪಟ್ಟು ಬರೆದಿಟ್ಟದ್ದರಿಂದ ದೊರೆಗಳ ಹೆಸರು ಉಳಿಯಿತು. ಕವಿ ತನ್ನ ಪದ್ಯದಲ್ಲಿ ಊರಿನ ಹೆಸರು ಹೇಳಿದ್ದರಿಂದ ಜಗಳಕ್ಕೆ ಆಧಾರವಾದರೂ ಇದೆ. ದೇವರ ಜಗಲಿಗೆ ಬರೆದವನು ಸಹಿ ಹಾಕಲಿಲ್ಲ. ದೇವರ ಕೆಳಗೆ ತನ್ನ ಹೆಸರು ಬರೆಯುವುದು ಅವನಿಗೆ ಸರಿದೋರಲಿಲ್ಲವೇನೋ. ಅವನ ಹೆಸರು ಇದ್ದದ್ದು ನಮ್ಮ ಆಯಿಯಂಥವರ ಬಾಯಿಯಲ್ಲಿ. ಆ ಬಾಯಿಗೆ “ಸುಮ್ಮನಿರು” ಎಂದರೆ ಚಿತ್ರಕ್ಕೆ ಊರಿಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡ ನಗರವೊಂದರ ಕಲಾಪ್ರದರ್ಶನದಲ್ಲಿ ಒಂದು ವೇಣುಗೋಪಾಲನನ್ನು ಕಂಡೆ. ನಮ್ಮದಲ್ಲ, ನಮ್ಮದರ ಮೂಲೆ ನನಗೆ ಗೊತ್ತು. ಆದರೆ ಆಕಳ ರೆಪ್ಪೆಗಳು ಅದೇ ಬಗೆ. ಕೆಳಗೆ ‘ತಂಜಾವೂರು, 19ನೆಯ ಶತಮಾನ’ ಎಂಬ ಚೀಟಿ. ಅಲ್ಲಿದ್ದ ಮೇಲ್ವಿಚಾರಕನಿಗೆ, “ಇದು ನಮ್ಮ ಕಡೆಯದಿರಬಹುದು” ಎಂದೆ. ಅವನು ಸೌಜನ್ಯದಿಂದಲೇ, “ಆಧಾರವೇನು ಸಾರ್?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಬಳಿ ಆಧಾರವಿರಲಿಲ್ಲ. ಅದು ಸುರಪುರದ್ದೇ ಎಂದು ಆಣೆಯಿಟ್ಟು ಹೇಳಲು ಇಂದಿಗೂ ನಾನು ಸಿದ್ಧನಿಲ್ಲ. ಆದರೆ ಇಂಥ ಚೀಟಿಯ ಹಿಂದೆ ಎಲ್ಲಿಯೋ ಒಬ್ಬ ಓದಿದ ಹುಡುಗನ ಸಹಿ ಇರಬಹುದೆಂಬ ಸಂಶಯ ಮಾತ್ರ ನನ್ನನ್ನು ಬಿಟ್ಟಿಲ್ಲ.

ಎಲ್ಲವೂ ಮುಗಿಯಿತೆಂದು ಹೇಳಲು ಈ ಲೇಖನವಲ್ಲ. ಕಲಬುರಗಿಯ ಶ್ರೀ ವಿಜಯ ಹಾಗರಗುಂಡಗಿ ಅವರು ಸುರಪುರದ ಶೈಲಿಯನ್ನು ಮತ್ತೆ ಕೈಗೆತ್ತಿಕೊಂಡು, ಅದೇ ಹೆಸರಿನಿಂದ ಅದನ್ನು ಜನರ ಮುಂದೆ ತಂದರು. ಶೈಲಿಯ ಹೆಸರನ್ನು ಬಾಯಿಬಿಟ್ಟು ಹೇಳುವ ಒಬ್ಬ ಕಲಾವಿದನು ನೂರು ಲೇಖನಗಳಿಗೆ ಸಮ. ಆದರೆ ಹಳೆಯ ಚಿತ್ರಗಳ ಸಾಕ್ಷ್ಯ ಮನೆಗಳಲ್ಲಿದೆ. ಮಾಳಿಗೆಗಳು ಇನ್ನೂ ಸೋರುತ್ತಿವೆ. ವ್ಯಾಪಾರಿಗಳು ಇನ್ನೂ ಬರುತ್ತಾರೆ.

ನಾನು ಮಾಡುತ್ತಿರುವುದು ಸಣ್ಣ ಕೆಲಸ. ಸುರಪುರ, ಶಹಾಪುರ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಒಂದು ಮಾತು ಹೇಳುತ್ತೇನೆ: ಮನೆಯಲ್ಲಿ ಹಳೆಯ ಚಿತ್ರವಿದ್ದರೆ ಮೊದಲು ಮನೆಯ ಹಿರಿಯರನ್ನು ಕೇಳಿರಿ, ಪುಸ್ತಕವನ್ನು ಆಮೇಲೆ ನೋಡಿರಿ. ಅವರು ಹೇಳಿದ್ದನ್ನು, ಹೇಳಿದವರ ಹೆಸರು, ಊರು, ತಾರೀಖು ಸಹಿತ ಒಂದು ಕಾಗದದಲ್ಲಿ ಬರೆದು ಚಿತ್ರದ ಚೌಕಟ್ಟಿನ ಹಿಂದೆ ಇಡಿರಿ. ಮಾರಲೇಬೇಕಾಗಿ ಬಂದರೆ ಮಾರಿರಿ. ಮಾಳಿಗೆ ಸೋರುವವರಿಗೆ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಕಾಗದ ಚಿತ್ರದ ಜೊತೆಗೆ ಹೋಗಲಿ.

ಕಳೆದ ವರ್ಷ ಒಬ್ಬಳು ವಿದ್ಯಾರ್ಥಿನಿ ಅಂಥ ಕಾಗದವೊಂದನ್ನು ತಂದು ತೋರಿಸಿದಳು. ಅವಳ ಅಜ್ಜಿ ಹೇಳಿದ ನಾಲ್ಕೇ ಸಾಲು. ಓದುತ್ತ ಕುಳಿತಾಗ ನಮ್ಮ ಆಯಿಯ ದನಿ ಕೇಳಿಸಿದಂತಾಯಿತು. ಆಯಿ ಈಗಿಲ್ಲ. ಅವಳಿಗೆ ನಾನು ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ. 1999ರಲ್ಲಿ ಬರೆದುಕೊಟ್ಟ ಆ ಚೀಟಿ ಯಾರ ಕೈಯಲ್ಲಿದೆಯೋ ತಿಳಿಯದು. ಇದ್ದರೆ, ಅದನ್ನು ಇಲ್ಲಿ ತಿದ್ದಿಕೊಡುತ್ತಿದ್ದೇನೆ. ಕೃಷ್ಣನ ಚಿತ್ರ ಒಂದು. ಗರುಡಾದ್ರಿಯವರ ಕೈಯದೆಂದು ಮನೆಯ ಹಿರಿಯರ ಹೇಳಿಕೆ. ಊರು, ಸುರಪುರ.